ಮೊಬೈಲ್ ಫೋನಿನ ಅಲೆಗಳು: ಹೆದರಿಕೆ ಎಷ್ಟು, ಎಚ್ಚರಿಕೆ ಎಷ್ಟು?

(ಫೋರ್ಟಿನಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡು, ನುಡಿ, ಕವಿ, ಕಾವ್ಯಗಳ ಮಾತು ಕೇಳಿಬರುವುದು ವಾಡಿಕೆ. ಇಂದು ನನಗೆ ಗೊತ್ತುಮಾಡಿಕೊಟ್ಟಿರುವ ವಿಷಯ ಅದಲ್ಲ. "ಮೊಬೈಲ್ ಫೋನಿನ ಅಲೆಗಳಿಂದ ಕೇಡುಂಟೋ ಇಲ್ಲವೋ, ಅದಕ್ಕೆ ಸರಕಾರ ಏನು ಕಟ್ಟುಪಾಡು ಮಾಡಿದೆ, ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಿರಿ" ಎಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದರು. ರೇಡಿಯೋ ವಿದ್ಯೆಯನ್ನು ಓದಿ ಅದರಿಂದಲೇ ಹೊಟ್ಟೆ ಹೊರೆದವನಾದ ನನಗೆ ಈ ಅಪ್ಪಣೆ ಸಂತೋಷದ್ದೇ. ಆದರೆ ಶಾಸ್ತ್ರದ ಮಾತನ್ನು ಸರಳವಾಗಿ ಹೇಳುವುದು ಶಾಸ್ತ್ರವನ್ನು ಕಲಿಯುವುದಕ್ಕಿಂತ ಕಷ್ಟ. ಎಲ್ಲಾದರೂ ಮಾತು ಬಿಗಿಯಾದರೆ ತಾವು ಮನ್ನಿಸಬೇಕು.

ಇದು ರಾಜ್ಯೋತ್ಸವಕ್ಕೆ ಸಲ್ಲದ ವಿಷಯವೆಂದು ಯಾರೂ ಭಾವಿಸಬಾರದು. ಹೊಟ್ಟೆಪಾಡಿಗೆ ಘಟ್ಟ ಇಳಿದು, ಹೊಳೆ ದಾಟಿ, ಮುಂಬಯಿಗೆ ಬಂದ ಕನ್ನಡಿಗನಿಗೆ ಇಂದು ಊರೆಂಬುದು ಮುಕ್ಕಾಲು ಪಾಲು ಫೋನಿನೊಳಗೆ ಇದೆ. ತಾಯಿಯ ದನಿ, ನಾಟಿಯ ಸುದ್ದಿ, ಆಸ್ತಿಯ ತಕರಾರು, ಕೋಲದ ದಿನ, ಹೆಣ್ಣುಗಂಡಿನ ಮಾತುಕತೆ, ಎಲ್ಲವೂ ಅದರ ಮೂಲಕವೇ ಬರುತ್ತವೆ. ಹಿಂದೆ ಇವೆಲ್ಲಕ್ಕೂ ಇಲ್ಲಿಯ ಜನರಲ್ ಪೋಸ್ಟಾಫೀಸಿನ ಕಾರ್ಡು ಮತ್ತು ಮನಿಯಾರ್ಡರು, ತೀರ ಅವಸರವಿದ್ದರೆ ಫ್ಲೋರಾ ಫೌಂಟನಿನ ಬಳಿಯ ತಂತಿ ಕಚೇರಿ. ತಂತಿ ಬಂತೆಂದರೆ ಮನೆಯಲ್ಲಿ ಅಳು ಏಳುತ್ತಿದ್ದ ಕಾಲ ಅದು. ಆ ತಂತಿ 2013ನೆಯ ಜುಲೈ 14ರ ರಾತ್ರಿ ದೇಶದಲ್ಲೆಲ್ಲ ನಿಂತುಹೋಯಿತು. ಈಗ ಉಳಿದಿರುವುದು ಈ ಕೈಯಗಲದ ಯಂತ್ರ. ಆದ್ದರಿಂದ ಅದರ ಗುಣದೋಷಗಳನ್ನು ತಿಳಿಯುವುದು ನಮ್ಮ ಸಂಸಾರದ ವಿಚಾರವೇ ಆಗಿದೆ.

ನನ್ನನ್ನು ಜನ ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು. "ನಮ್ಮ ಸೊಸೈಟಿಯ ಗಚ್ಚಿನ ಮೇಲೆ ಟವರು ಹಾಕಲು ಬಂದಿದ್ದಾರೆ, ಒಳ್ಳೆಯ ಬಾಡಿಗೆ ಕೊಡುತ್ತಾರಂತೆ, ಒಪ್ಪೋಣವೇ?" ಎಂಬುದು ಒಂದು. "ಮೊಮ್ಮಗು ಇಡೀ ದಿನ ಫೋನು ಹಿಡಿದಿರುತ್ತದೆ, ತಲೆಗೆ ಏನಾದರೂ ಆದೀತೇ?" ಎಂಬುದು ಎರಡು. "ಫೋನಿನ ಬೆನ್ನಿಗೆ ಅಂಟಿಸುವ ಚೀಟಿ ಮಾರುತ್ತಾರಲ್ಲ, ಅದು ಅಲೆಗಳನ್ನು ನುಂಗಿಬಿಡುತ್ತದೆಯೇ?" ಎಂಬುದು ಮೂರನೆಯದು. ಈ ಮೂರಕ್ಕೂ ಉತ್ತರ ಹೇಳುತ್ತೇನೆ. ಮೊದಲು ಅಲೆ ಎಂದರೇನೆಂದು ತಿಳಿಯೋಣ.

ರೇಡಿಯೋ ಅಲೆ ನಮ್ಮ ದೇಶದ ಗಾಳಿಗೆ ಹೊಸ ಅತಿಥಿಯಲ್ಲ. 1895ರಲ್ಲಿಯೇ ಜಗದೀಶಚಂದ್ರ ಬೋಸರು ಕಲಕತ್ತೆಯ ಟೌನ್ ಹಾಲಿನಲ್ಲಿ ಗೋಡೆಯ ಆಚೆಯಿಂದ ತಂತಿಯಿಲ್ಲದೆ ಗಂಟೆ ಬಾರಿಸಿ ತೋರಿಸಿದರು. 1921ರ ಆಗಸ್ಟಿನಲ್ಲಿ ಮುಂಬಯಿಯಿಂದ ಹೊರಟ ಸಂಗೀತವನ್ನು ಗವರ್ನರ್ ಸರ್ ಜಾರ್ಜ್ ಲಾಯ್ಡ್ ಪುಣೆಯಲ್ಲಿ ಕುಳಿತು ಕೇಳಿದರು. 1927ರ ಜುಲೈ 23ರಂದು ಇಲ್ಲಿಯ ಬಾನುಲಿ ಕೇಂದ್ರ ತೆರೆಯಿತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಕೇಂದ್ರ ಹೂಡಿ ಅದಕ್ಕೆ "ಆಕಾಶವಾಣಿ" ಎಂದು ಹೆಸರಿಟ್ಟರು. ಆ ಹೆಸರು ಮುಂದೆ ಇಡೀ ದೇಶದ್ದಾಯಿತು ಎಂಬುದು ನಾವು ಹೆಮ್ಮೆಪಡತಕ್ಕ ಮಾತು. 1972ರಲ್ಲಿ ವರಳಿಯಿಂದ ದೂರದರ್ಶನ ಶುರುವಾಯಿತು. 1995ರಲ್ಲಿ ಮುಂಬಯಿಗೆ ಮೊಬೈಲ್ ಫೋನು ಬಂತು. ಬಂದ ಕರೆಗೂ ದುಡ್ಡು ತೆರಬೇಕಾಗಿದ್ದ ಆ ಕಾಲದಲ್ಲಿ ಅದು ಸೇಟುಗಳ ಸೊತ್ತಾಗಿತ್ತು. 2003ರಲ್ಲಿ ಆ ಪದ್ಧತಿ ಹೋದ ಮೇಲೆ ಹೋಟೆಲಿನ ಮಾಣಿಯ ಜೇಬಿಗೂ ಬಂತು.

ಹಾಗಾದರೆ ಹೊಸತು ಯಾವುದು? ಅಲೆ ಹೊಸತಲ್ಲ, ಅಲೆ ಹೊರಡಿಸುವ ಯಂತ್ರ ಇರುವ ಜಾಗ ಹೊಸತು. ಬಾನುಲಿಯ ಕಂಬ ಊರಾಚೆ ನಿಂತಿತ್ತು. ಮನೆಯ ರೇಡಿಯೋ ಪೆಟ್ಟಿಗೆ ಅಲೆಯನ್ನು ಹಿಡಿಯುತ್ತಿತ್ತೇ ಹೊರತು ತಾನಾಗಿ ಎಸೆಯುತ್ತಿರಲಿಲ್ಲ. ಮೊಬೈಲ್ ಫೋನು ಹಿಡಿಯುವುದೂ ಹೌದು, ಎಸೆಯುವುದೂ ಹೌದು. ಅಂಥ ಒಂದು ಪುಟ್ಟ ಪ್ರಸಾರ ಯಂತ್ರವನ್ನು ಕಿವಿಗೆ ತಾಗಿಸಿಕೊಂಡು ಗಂಟೆಗಟ್ಟಲೆ ಮಾತಾಡುವುದು ಮಾನವಕುಲಕ್ಕೆ ಹಿಂದೆ ಇರಲಿಲ್ಲ. ಆದುದರಿಂದಲೇ ಅಳತೆ ಬೇಕಾಯಿತು, ಮಿತಿ ಬೇಕಾಯಿತು.

ವಿಕಿರಣವೆಂದ ಕೂಡಲೇ ನಮಗೆ ಹಿರೋಷಿಮಾ ನೆನಪಾಗುತ್ತದೆ, ಆಸ್ಪತ್ರೆಯ ಎಕ್ಸರೇ ನೆನಪಾಗುತ್ತದೆ. ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ಎಕ್ಸರೇಯ ಒಂದೊಂದು ಕಣಕ್ಕೂ ನಮ್ಮ ಮೈಯ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುವ ಕಸುವುಂಟು. ಜೀವಕೋಶದ ಕುಲಸೂತ್ರ ಹರಿಯುವುದು ಹೀಗೆ. ಹಾಗೆ ಕೀಳಲು ಸುಮಾರು 10 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೇಕು. 900 ಮೆಗಾಹರ್ಟ್ಸಿನ, ಎಂದರೆ ಸೆಕೆಂಡಿಗೆ 90 ಕೋಟಿ ಸಲ ಕಂಪಿಸುವ, ಮೊಬೈಲ್ ಅಲೆಯ ಒಂದು ಕಣದ ಶಕ್ತಿ ಅದರ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಾವು ನೋಡುವ ಬೆಳಕಿನ ಕಣ ಕೂಡ ಇದಕ್ಕಿಂತ ಲಕ್ಷಾಂತರ ಪಾಲು ಬಲಶಾಲಿ. ತೆಂಗಿನಕಾಯಿಗೆ ಅಕ್ಕಿಕಾಳು ಎಸೆಯುತ್ತ ಕುಳಿತರೆ ಒಂದು ಮೂಟೆ ಮುಗಿದರೂ ಕಾಯಿ ಒಡೆಯದು. ಕತ್ತಿಯ ಒಂದು ಏಟು ಸಾಕು. ಎಕ್ಸರೇ ಕತ್ತಿಯ ಜಾತಿ; ಮೊಬೈಲ್ ಅಲೆ ಅಕ್ಕಿಕಾಳಿನ ಜಾತಿ.

ಹಾಗೆಂದು ಅಕ್ಕಿಕಾಳಿನಿಂದ ಏನೂ ಆಗದೆಂದಲ್ಲ. ಈ ಅಲೆಗಳು ಮೈಯೊಳಗಿನ ನೀರಿನ ಅಣುಗಳನ್ನು ಅಲುಗಿಸಿ ಬಿಸಿ ಮಾಡುತ್ತವೆ. ಇಲ್ಲಿಯ ಆಫೀಸುಗಳ ಕ್ಯಾಂಟೀನಿನಲ್ಲಿ ಡಬ್ಬಿಯ ಅನ್ನವನ್ನು ಎರಡು ನಿಮಿಷದಲ್ಲಿ ಬಿಸಿ ಮಾಡುವ ಪೆಟ್ಟಿಗೆ ಇದೇ ತತ್ತ್ವದ್ದು. ಆದರೆ ಆ ಪೆಟ್ಟಿಗೆ 700, 800 ವ್ಯಾಟಿನ ಅಲೆಯನ್ನು ಲೋಹದ ಗೂಡಿನೊಳಗೆ ಕೂಡಿಹಾಕುತ್ತದೆ. ಈಗಿನ ಫೋನು ತನ್ನ ಪೂರ್ತಿ ದನಿಯಲ್ಲಿ ಕೂಗಿದರೂ ಹೊರಡಿಸುವುದು ಸುಮಾರು ಕಾಲು ವ್ಯಾಟು. ಬಹಳ ಹೊತ್ತು ಮಾತಾಡಿದಾಗ ಕಿವಿ ಬಿಸಿಯಾಗುತ್ತದಲ್ಲ, ಅದರ ಬಹುಪಾಲು ಅಲೆಯ ಬಿಸಿಯಲ್ಲ. ಫೋನಿನ ಬ್ಯಾಟರಿ ಮತ್ತು ಒಳಗಿನ ಮಂಡಲಗಳು ಕಾದ ಬಿಸಿ, ಮತ್ತು ಕಿವಿಗೆ ಗಾಳಿ ತಾಗದ ಸೆಕೆ.

ಈಗ ಅಳತೆಯ ಮಾತು. ಮೈಯ ಒಂದು ಕಿಲೋಗ್ರಾಂ ಭಾಗವು ಎಷ್ಟು ವ್ಯಾಟ್ ಅಲೆಯನ್ನು ಹೀರಿಕೊಳ್ಳುತ್ತದೆ ಎಂಬುದೇ ಈ ಶಾಸ್ತ್ರದ ಅಳತೆಗೋಲು. ಇದಕ್ಕೆ ಹೀರಿಕೆಯ ದರವೆನ್ನೋಣ. ಪೆಟ್ಟಿಗೆಗಳ ಮೇಲೆ ಅಚ್ಚಾಗಿರುವ ಎಸ್.ಎ.ಆರ್. ಎಂಬ ಮೂರಕ್ಷರ ಇದೇ. ಸೇರಿಸಿ ಓದಿದರೆ ಊಟದ ಸಾರು ನೆನಪಾಗುತ್ತದೆ. ಆಗಲಿ, ನೆನಪಿಡಲು ಸುಲಭವಾಯಿತು.

ಮಿತಿಯನ್ನು ಗೊತ್ತುಮಾಡಿದ ಬಗೆ ಹೀಗೆ. ಪ್ರಯೋಗಶಾಲೆಯ ಪ್ರಾಣಿಗಳಿಗೆ ಒಂದು ಕೆಲಸ ಕಲಿಸಿ, ಅವುಗಳ ಮೈಗೆ ಅಲೆಯನ್ನು ಹೆಚ್ಚಿಸುತ್ತ ಹೋದಾಗ, ಸುಮಾರು 4 ವ್ಯಾಟಿನ ಹೀರಿಕೆಯಲ್ಲಿ ಅವು ಕಲಿತ ಕೆಲಸ ಬಿಟ್ಟುಬಿಡುವುದು ಕಂಡಿತು. ಮೈಯ ಉಷ್ಣತೆ ಒಂದು ಡಿಗ್ರಿಯಷ್ಟು ಏರಿದಾಗ ಆಗುವ ತಳಮಳ ಅದು. ಇದನ್ನೇ ಅಪಾಯದ ಹೊಸ್ತಿಲೆಂದು ಇಟ್ಟುಕೊಂಡರು. ಅಲೆಗಳ ನಡುವೆ ಕೆಲಸ ಮಾಡುವ ನೌಕರರಿಗೆ ಅದರ ಹತ್ತನೆಯ ಒಂದು ಪಾಲು, ಮಕ್ಕಳು ಮುದುಕರು ರೋಗಿಗಳು ಎಲ್ಲ ಕೂಡಿದ ಸಾರ್ವಜನಿಕರಿಗೆ ಐವತ್ತನೆಯ ಒಂದು ಪಾಲು ಎಂದು ಗೊತ್ತುಮಾಡಿದರು. ನಾಲ್ಕನ್ನು ಐವತ್ತರಿಂದ ಭಾಗಿಸಿದರೆ 0.08. ಇಡೀ ಮೈಗೆ ಸರಾಸರಿ ಮಿತಿ ಇದು.

ಫೋನು ಇಡೀ ಮೈಗೆ ಸಮನಾಗಿ ಅಲೆ ಬೀರುವುದಿಲ್ಲವಷ್ಟೆ. ಕಿವಿಯ ಬಳಿ ಹೆಚ್ಚು, ಕಾಲಿಗೆ ಏನೂ ಇಲ್ಲ. ಅದಕ್ಕಾಗಿ ಒಂದು ಚಿಕ್ಕ ಭಾಗದ ಮಿತಿಯನ್ನು ಬೇರೆಯಾಗಿ ಇಟ್ಟರು. ಅಮೆರಿಕ 1996ರಲ್ಲಿ ಇದನ್ನು 1.6 ವ್ಯಾಟ್ ಎಂದು ಮಾಡಿತು. ಯಾವುದೇ ಒಂದು ಗ್ರಾಂ ಮಾಂಸದ ಸರಾಸರಿಯಲ್ಲಿ ಇದು ಮೀರಬಾರದು. ಇಕ್ನಿರ್ಪ್ ಎಂದು ಹೆಸರಾದ ಅಂತರರಾಷ್ಟ್ರೀಯ ತಜ್ಞಮಂಡಲಿ 1998ರಲ್ಲಿ 2 ವ್ಯಾಟ್ ಎಂದಿತು. ಆದರೆ ಹತ್ತು ಗ್ರಾಮಿನ ಸರಾಸರಿಯಲ್ಲಿ. 2020ರಲ್ಲಿ ತನ್ನ ಸೂತ್ರಗಳನ್ನು ತಿದ್ದಿದಾಗಲೂ ತಲೆಯ ಈ ಮಿತಿಯನ್ನು ಅದು ಹಾಗೆಯೇ ಉಳಿಸಿತು. ಈ ಎರಡರ ಭೇದವನ್ನು ನಮ್ಮ ಅಡಿಗೆಮನೆಯಲ್ಲಿಯೇ ತಿಳಿಯಬಹುದು. ಸಾರಿನಲ್ಲಿ ಎಲ್ಲೋ ಒಂದು ಕಡೆ ಖಾರದ ಪುಡಿ ಗಂಟುಕಟ್ಟಿದೆ ಎನ್ನಿ. ಒಂದು ಚಮಚ ತೆಗೆದು ರುಚಿ ನೋಡಿದರೆ ಗಂಟು ಸಿಕ್ಕಿಬೀಳುತ್ತದೆ. ದೊಡ್ಡ ಸೌಟಿನಲ್ಲಿ ಕಲಸಿ ನೋಡಿದರೆ ಖಾರ ಹಂಚಿಹೋಗಿ ತಿಳಿಯದು. ಒಂದು ಗ್ರಾಮಿನ ಲೆಕ್ಕ ಚಮಚದ ಲೆಕ್ಕ. ಆದುದರಿಂದ ಅಮೆರಿಕದ ಮಿತಿ ಅಂಕಿಯಲ್ಲಿಯೂ ಅಳೆಯುವ ಬಗೆಯಲ್ಲಿಯೂ ಬಿಗಿ.

ನಮ್ಮ ಸರಕಾರ 2008ರಲ್ಲಿ ಮೊದಲು ಅಂತರರಾಷ್ಟ್ರೀಯ ಮಂಡಲಿಯ ಮಿತಿಯನ್ನು ಒಪ್ಪಿತು. ಆ ಮೇಲೆ ಜನರಲ್ಲಿ ಕಳವಳ ಹೆಚ್ಚಿತು. ನಮ್ಮ ಪವಯಿಯ ಐ.ಐ.ಟಿ.ಯ ಪ್ರಾಧ್ಯಾಪಕ ಗಿರೀಶ್ ಕುಮಾರರು 2010ರ ಡಿಸೆಂಬರಿನಲ್ಲಿ ಟವರುಗಳ ವಿಷಯವಾಗಿ ದೂರಸಂಪರ್ಕ ಇಲಾಖೆಗೆ ಒಂದು ವರದಿ ಸಲ್ಲಿಸಿದರು. ಅದೇ ವರ್ಷ ಹಲವು ಸಚಿವಾಲಯಗಳ ಸಮಿತಿಯೊಂದು ನೇಮಕವಾಗಿ 2011ರ ಜನವರಿಯಲ್ಲಿ ತನ್ನ ಶಿಫಾರಸು ಕೊಟ್ಟಿತು. ಅದರ ಫಲವಾಗಿ 2012ನೆಯ ಸೆಪ್ಟೆಂಬರ್ 1ರಿಂದ ಫೋನುಗಳಿಗೆ 1.6 ವ್ಯಾಟಿನ, ಒಂದು ಗ್ರಾಮಿನ ಲೆಕ್ಕದ ಮಿತಿ ಜಾರಿಗೆ ಬಂತು. ಟವರುಗಳಿಗೆ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲನ್ನು ವಿಧಿಸಲಾಯಿತು. 900 ಮೆಗಾಹರ್ಟ್ಸಿನಲ್ಲಿ ಚದರ ಮೀಟರಿಗೆ 4.5 ವ್ಯಾಟ್ ಇದ್ದುದು 0.45 ಆಯಿತು. ಹೆಚ್ಚಿನ ದೇಶಗಳು ಪೂರ್ತಿ ಮಿತಿಯನ್ನೇ ಇಟ್ಟುಕೊಂಡಿದ್ದಾಗ ನಾವು ಹತ್ತರಲ್ಲೊಂದಕ್ಕೆ ಇಳಿದೆವು. ಮಿತಿ ಮೀರಿದ ಟವರಿಗೆ ಮೊದಲು 5 ಲಕ್ಷ ರೂಪಾಯಿ, 2013ರಿಂದ 10 ಲಕ್ಷ ರೂಪಾಯಿ ದಂಡವೆಂದೂ ಆಯಿತು.

ಫೋನನ್ನು ಪರೀಕ್ಷಿಸುವ ಕ್ರಮವನ್ನೂ ಕೇಳಿರಿ. ಮನುಷ್ಯನ ತಲೆಯ ಆಕಾರದ ಒಂದು ಚಿಪ್ಪು. ಅದರೊಳಗೆ ಮಿದುಳಿನಂತೆಯೇ ಅಲೆ ಹೀರುವ ದ್ರವ. ಹೊರಗೆ ಕೆನ್ನೆಗೆ ಫೋನನ್ನು ಒತ್ತಿಟ್ಟು, ಅದು ತನ್ನ ಪೂರ್ತಿ ಬಲದಲ್ಲಿ ಕೂಗುವಂತೆ ಮಾಡಿ, ಯಂತ್ರದ ತೋಳಿಗೆ ಕಟ್ಟಿದ ಸಣ್ಣ ಕಡ್ಡಿಯನ್ನು ದ್ರವದೊಳಗೆ ಓಡಾಡಿಸಿ ಅಳೆಯುತ್ತಾರೆ. ಬಂದ ಅಂಕಿಗಳಲ್ಲಿ ಅತ್ಯಂತ ದೊಡ್ಡದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕುತ್ತಾರೆ. ಅಂದರೆ ಅದು ನಿಮ್ಮ ದಿನನಿತ್ಯದ ಅಂಕಿಯಲ್ಲ. ಕೆಟ್ಟ ಗಳಿಗೆಯ ಅಂಕಿ. ಒಂದು ಫೋನಿಗೆ 0.9, ಇನ್ನೊಂದಕ್ಕೆ 1.1 ಇದ್ದರೆ ಮೊದಲನೆಯದೇ ಕ್ಷೇಮವೆಂದು ಓಡಬೇಕಾಗಿಲ್ಲ. ನಿಮ್ಮ ಫೋನಿನ ಅಂಕಿ ನೋಡಬೇಕೆನಿಸಿದರೆ ಕರೆ ಮಾಡುವ ಫಲಕದಲ್ಲಿ ನಕ್ಷತ್ರ, ಹ್ಯಾಶ್, ಸೊನ್ನೆ, ಏಳು, ಹ್ಯಾಶ್ ಒತ್ತಿರಿ. ಬಹಳ ಫೋನುಗಳು ತಾವೇ ತೋರಿಸುತ್ತವೆ.

ಈ ಪರೀಕ್ಷೆಯಲ್ಲಿ ಕುಂದಿಲ್ಲವೇ? ಉಂಟು. ಆ ಚಿಪ್ಪು ಅಮೆರಿಕದ ಸೈನಿಕರ ತಲೆಯ ಅಳತೆಗಳಿಂದ ಮಾಡಿದ್ದು, ಮಗುವಿನ ತಲೆಯಲ್ಲ. ಮೈಗೆ ತಾಗಿಸಿ ಇಡುವ ಪರೀಕ್ಷೆಯನ್ನು ಕೆಲವು ಮಿಲಿಮೀಟರ್ ದೂರವಿಟ್ಟು ಮಾಡುವ ವಾಡಿಕೆ ಬಹುಕಾಲ ನಡೆಯಿತು. ಜೇಬಿನ ಫೋನು ಹಾಗೆ ದೂರ ನಿಲ್ಲುವುದೇ? ಕಟ್ಟುಪಾಡು ಕಾಗದದ ಮೇಲೆ ಮಾತ್ರ ಉಳಿಯಬಾರದೆಂಬುದಕ್ಕೆ ಫ್ರಾನ್ಸಿನ ಒಂದು ಪ್ರಸಂಗವಿದೆ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಸರಕಾರಿ ಸಂಸ್ಥೆ ಅಂಗಡಿಯಿಂದ ಐಫೋನ್ 12 ಎಂಬ ಫೋನನ್ನು ಕೊಂಡು ಪರೀಕ್ಷಿಸಿತು. ಕೈಯಲ್ಲಿ ಹಿಡಿದಾಗಿನ ಮಿತಿ ಅಲ್ಲಿ 4 ವ್ಯಾಟ್. ಅಳತೆಗೆ ಬಂದುದು 5.74. ಕೂಡಲೇ ಮಾರಾಟ ನಿಲ್ಲಿಸಲು ಹೇಳಿತು. ಕಂಪನಿ ತನ್ನ ತಂತ್ರಾಂಶವನ್ನು ತಿದ್ದಿಕೊಟ್ಟಿತು. ಆ ಅಂಕಿಯಿಂದ ಯಾರಿಗೂ ಕಾಯಿಲೆ ಬರುತ್ತಿತ್ತೆಂದಲ್ಲ. ಮಿತಿಗೂ ಅಪಾಯಕ್ಕೂ ನಡುವೆ ಬಹಳ ಅಂತರವಿದೆ. ಆದರೆ ಕಾವಲುಗಾರ ಎಚ್ಚರವಾಗಿದ್ದರೆ ದೊಡ್ಡ ಕಂಪನಿಯೂ ತಲೆಬಾಗುತ್ತದೆ ಎಂಬುದು ಅದರ ಪಾಠ.

ಇನ್ನು ಟವರಿನ ಪ್ರಶ್ನೆ. ಟವರು ದೊಡ್ಡದು, ಫೋನು ಚಿಕ್ಕದು. ಆದುದರಿಂದ ಟವರೇ ಹೆಚ್ಚು ಭಯವೆಂದು ನಮ್ಮ ಮನಸ್ಸು ಹೇಳುತ್ತದೆ. ಲೆಕ್ಕ ತಿರುಗುಮುರುಗಾಗಿದೆ. ದೂರ ಎರಡು ಪಾಲಾದರೆ ಅಲೆಯ ಬಲ ನಾಲ್ಕರಲ್ಲೊಂದಾಗುತ್ತದೆ. ಹತ್ತು ಪಾಲಾದರೆ ನೂರರಲ್ಲೊಂದು. ಐವತ್ತು ಗಜದಾಚೆಯ ಟವರಿಗಿಂತ ಕಿವಿಯ ಮೇಲಿನ ಫೋನೇ ತಲೆಗೆ ಹೆಚ್ಚು ಅಲೆ ಕೊಡುತ್ತದೆ. ಅದರ ಮೇಲೆ ಇನ್ನೊಂದು ಸ್ವಾರಸ್ಯ. ಟವರು ಹತ್ತಿರವಿದ್ದರೆ ಫೋನು ಪಿಸುಮಾತಿನಲ್ಲಿ ಕೆಲಸ ಮುಗಿಸುತ್ತದೆ. ದೂರವಿದ್ದರೆ ಗಂಟಲು ಹರಿಯುವಂತೆ ಕೂಗುತ್ತದೆ. ಫೋರ್ಟಿನ ಈ ಗಟ್ಟಿ ಕಲ್ಲಿನ ಕಟ್ಟಡಗಳ ಒಳಕೋಣೆಯಲ್ಲಿ, ಲಿಫ್ಟಿನಲ್ಲಿ, ನೆಲಮಾಳಿಗೆಯ ಉಗ್ರಾಣದಲ್ಲಿ, ಹುತಾತ್ಮ ಚೌಕದ ಅಡಿಯಲ್ಲಿ ಓಡುವ ಹೊಸ ಮೆಟ್ರೋದ ಸುರಂಗದಲ್ಲಿ ಸಿಗ್ನಲಿನ ಗೆರೆಗಳು ಇಳಿದಾಗಲೆಲ್ಲ ನಿಮ್ಮ ಫೋನು ಕೂಗುತ್ತಿದೆಯೆಂದು ತಿಳಿಯಿರಿ. ಟವರುಗಳನ್ನೆಲ್ಲ ಕಿತ್ತೊಗೆದರೆ ನಮ್ಮ ತಲೆಗೆ ಬೀಳುವ ಅಲೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

ಊರಿನ ವಿಚಾರದಲ್ಲಿ ಇದು ಇನ್ನೂ ನಿಜ. ಮಲೆನಾಡಿನಲ್ಲಿಯೂ ಘಟ್ಟದ ಬುಡದ ಹಳ್ಳಿಗಳಲ್ಲಿಯೂ ಸಿಗ್ನಲ್ ಸಿಗುವುದೇ ಕಷ್ಟ. 2020ರ ಕೊರೋನಾ ಕಾಲದಲ್ಲಿ ಅಲ್ಲಿಯ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ ಕುಳಿತುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಇಲ್ಲಿಂದ ನಾವು ಹಾಯಾಗಿ ಮಾತಾಡುತ್ತಿರುವಾಗ ಅಲ್ಲಿ ಅಮ್ಮನ ಕಿವಿಯ ಮೇಲಿನ ಫೋನು ಪೂರ್ತಿ ಬಲ ಹಾಕುತ್ತಿರಬಹುದು. ಮನೆಯೊಳಗೆ ಕುಳಿತು ಕೂಗುವುದಕ್ಕಿಂತ ಜಗಲಿಗೆ ಬಂದು, ಸ್ಪೀಕರ್ ಹಾಕಿ, ಫೋನನ್ನು ಕಟ್ಟೆಯ ಮೇಲಿಟ್ಟು ಮಾತಾಡುವಂತೆ ಅವರಿಗೆ ಹೇಳಿಕೊಡಿ. ಖರ್ಚಿಲ್ಲದ ಉಪಕಾರ ಇದು.

ಹಾಗಾದರೆ ಸೊಸೈಟಿಯ ಗಚ್ಚಿಗೆ ಟವರು ಬಂದಾಗ ಕಣ್ಣುಮುಚ್ಚಿ ಒಪ್ಪುವುದೇ? ಬೇಡ. ಟವರಿನ ಅಂಟೆನಾ ದೀಪಸ್ತಂಭದಂತೆ ಎದುರಿಗೆ ಕಿರಣ ಬೀರುತ್ತದೆ. ನೇರ ಕೆಳಗಿನ ಮನೆಗೆ ಬೀಳುವುದು ಕಡಿಮೆ, ಅದೇ ಎತ್ತರದಲ್ಲಿ ಎದುರಿಗಿರುವ ಮನೆಗೆ ಹೆಚ್ಚು. ಬಾಡಿಗೆ ಒಬ್ಬರಿಗೆ, ಅಲೆ ಇನ್ನೊಬ್ಬರಿಗೆ! ಅದಕ್ಕಾಗಿ ದೂರಸಂಪರ್ಕ ಇಲಾಖೆ 2013ರ ಸೂಚನೆಗಳಲ್ಲಿ, ಒಂದು ಅಂಟೆನಾ ಇದ್ದರೆ ಅದೇ ಎತ್ತರದ ಎದುರು ಕಟ್ಟಡ 20 ಮೀಟರ್, ಎರಡಿದ್ದರೆ 35 ಮೀಟರ್ ದೂರವಿರಬೇಕೆಂದು ಹೇಳಿತು. ನಮ್ಮ ಗಲ್ಲಿಗಳಲ್ಲಿ ಕಿಟಕಿಯಿಂದ ಕಿಟಕಿಗೆ ಕೈಚಾಚಬಹುದಾದ ಕಡೆ ಇದನ್ನು ಮುಖ್ಯವಾಗಿ ನೋಡಬೇಕು. ಎರಡನೆಯದು, ಕಟ್ಟಡದ ಬಲ. ಕಂಬ, ಬ್ಯಾಟರಿ, ಜನರೇಟರು ಎಲ್ಲ ಸೇರಿದರೆ ಟನ್ನುಗಟ್ಟಲೆ ಭಾರ. ಮಳೆಗಾಲದಲ್ಲಿ ಹಳೆಯ ಕಟ್ಟಡಗಳು ಕುಸಿಯುವ ಈ ಊರಿನಲ್ಲಿ ಅಲೆಗಿಂತ ಆ ಭಾರವೇ ಹತ್ತಿರದ ಅಪಾಯ. ಕಟ್ಟಡ ಇಂಜಿನಿಯರರ ಲಿಖಿತ ಪ್ರಮಾಣಪತ್ರವಿಲ್ಲದೆ ಸಾಮಾನ್ಯ ಸಭೆಯಲ್ಲಿ ಕೈ ಎತ್ತಬೇಡಿ. ಮೂರನೆಯದು, ಅಳತೆ. 2017ರ ಮೇ ತಿಂಗಳಲ್ಲಿ ಸರಕಾರ "ತರಂಗ್ ಸಂಚಾರ್" ಎಂಬ ಜಾಲತಾಣ ತೆರೆಯಿತು. ನೆರೆಯ ಟವರುಗಳು ಮಿತಿಯೊಳಗಿವೆಯೇ ಎಂದು ನೋಡಲೂ, 4000 ರೂಪಾಯಿ ಶುಲ್ಕ ಕಟ್ಟಿದರೆ ಅಧಿಕಾರಿಗಳೇ ಬಂದು ಅಳೆಯಲೂ ಅದರಲ್ಲಿ ಏರ್ಪಾಡು ಮಾಡಿತು. ಹತ್ತು ಮನೆಯವರು ಕೂಡಿದರೆ ಮನೆಗೆ ನಾನೂರು ರೂಪಾಯಿ. ವರ್ಷವೆಲ್ಲ ಮೆಟ್ಟಿಲ ಮೇಲೆ ಜಗಳವಾಡಿ ನೆರೆಹೊರೆ ಕೆಡಿಸಿಕೊಳ್ಳುವುದಕ್ಕಿಂತ ಇದು ಅಗ್ಗ.

ಟವರಿನ ಹೆಸರಿನಲ್ಲಿ ನಡೆಯುವ ಮೋಸವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. "ನಿಮ್ಮ ಊರ ಜಾಗದಲ್ಲಿ ಟವರು ಹಾಕುತ್ತೇವೆ, ತಿಂಗಳಿಗೆ ಇಷ್ಟು ಸಾವಿರ, ಮೊದಲು ಠೇವಣಿ ಕಟ್ಟಿ" ಎಂಬ ಕರೆ ಬಂದರೆ ಅದು ಕಳ್ಳರ ಕರೆ. ಜಾಗದವರಿಂದ ಮುಂಗಡ ಕೇಳುವ ಪದ್ಧತಿ ನಿಜವಾದ ಕಂಪನಿಗಳಲ್ಲಿ ಇಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ ಈ ವಿಷಯವಾಗಿ ಸಾರ್ವಜನಿಕರನ್ನು ಎಚ್ಚರಿಸಿದೆ. ಊರಿನಲ್ಲಿ ಒಂಟಿಯಾಗಿರುವ ಹಿರಿಯರಿಗೆ ಇದನ್ನು ಇಂದೇ ತಿಳಿಸಿ.

ಕೊನೆಯದಾಗಿ, ಎಲ್ಲರ ಮನಸ್ಸಿನಲ್ಲಿದ್ದೂ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ: ಕ್ಯಾನ್ಸರ್. 2011ನೆಯ ಮೇ 31ರಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಲಿಯೋನ್ ನಗರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಅಲೆಗಳನ್ನು "2ಬಿ" ಗುಂಪಿಗೆ ಸೇರಿಸಿತು. "ಕ್ಯಾನ್ಸರ್ ತರುತ್ತದೆ" ಎಂದು ಅದರ ಅರ್ಥವಲ್ಲ. "ತರಬಹುದೋ ಏನೋ, ಅಲ್ಲಗಳೆಯುವಷ್ಟು ಸಾಕ್ಷ್ಯವಿಲ್ಲ" ಎಂದು ಅರ್ಥ. ಬಹಳ ಹೆಚ್ಚು ಮಾತಾಡುವವರಲ್ಲಿ ಒಂದು ಬಗೆಯ ಮಿದುಳಿನ ಗಡ್ಡೆ ತುಸು ಹೆಚ್ಚಿರಬಹುದೆಂದು 13 ದೇಶಗಳ ಅಧ್ಯಯನವೊಂದು 2010ರಲ್ಲಿ ಸೂಚಿಸಿದ್ದುದು ಇದಕ್ಕೆ ಒಂದು ಕಾರಣ. ಆದರೆ ರೋಗಿಗಳು ಹತ್ತು ವರ್ಷದ ಹಿಂದಿನ ಮಾತುಕತೆಯನ್ನು ನೆನಪಿನಿಂದ ಹೇಳಬೇಕಾಗಿದ್ದ ಆ ಅಧ್ಯಯನದ ಲೆಕ್ಕ ಎಷ್ಟು ನೆಚ್ಚತಕ್ಕದ್ದೆಂಬ ಸಂಶಯ ಅದನ್ನು ಮಾಡಿದವರಿಗೇ ಇತ್ತು. 2018ರಲ್ಲಿ ಅಮೆರಿಕದ ಸರಕಾರಿ ಪ್ರಯೋಗದಲ್ಲಿ, ದಿನಕ್ಕೆ 9 ಗಂಟೆ ಇಡೀ ಮೈಗೆ ಬಲವಾದ ಅಲೆ ಹಾಯಿಸಿದ ಗಂಡು ಇಲಿಗಳಲ್ಲಿ ಹೃದಯದ ಗಡ್ಡೆ ಕಂಡಿತು. ವಿಚಿತ್ರವೆಂದರೆ ಅಲೆ ತಾಗಿದ ಆ ಇಲಿಗಳೇ ತಾಗದವುಗಳಿಗಿಂತ ಹೆಚ್ಚು ಕಾಲ ಬದುಕಿದವು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಸಮಗ್ರ ಪರಿಶೀಲನೆಯಲ್ಲಿ, 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ತೂಗಿ ನೋಡಿ, ಫೋನಿಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲವೆಂದು ಶಾಸ್ತ್ರಜ್ಞರು ಹೇಳಿದರು. ಲೋಕದ ಜನರೆಲ್ಲ ಫೋನು ಹಿಡಿದು ದಶಕಗಳು ಕಳೆದರೂ ಮಿದುಳಿನ ಗಡ್ಡೆ ಅದರಂತೆ ಏರಲಿಲ್ಲ ಎಂಬುದೂ ಸಮಾಧಾನದ ಮಾತೇ.

ನ್ಯಾಯಾಲಯದಲ್ಲಿಯೂ ಈ ವಾದ ನಡೆದಿದೆ. "ಪ್ರೇಮಲೋಕ"ದ ನಾಯಕಿಯಾಗಿ ಕನ್ನಡಿಗರಿಗೆ ಪರಿಚಿತರಾದ, ಇದೇ ಮುಂಬಯಿಯ ನಿವಾಸಿ ಜೂಹಿ ಚಾವ್ಲಾ ಅವರು ಟವರುಗಳ ವಿರುದ್ಧ ಬಹುಕಾಲ ದನಿಯೆತ್ತಿದವರು. 2021ರಲ್ಲಿ 5ಜಿ ಪದ್ಧತಿಯ ವಿರುದ್ಧ ಅವರು ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋದರು. ಜೂನ್ 4ರಂದು ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿ 20 ಲಕ್ಷ ರೂಪಾಯಿ ಖರ್ಚು ವಿಧಿಸಿತು. ಮರುವರ್ಷ ಮೇಲ್ಮನವಿಯಲ್ಲಿ ಅದು 2 ಲಕ್ಷಕ್ಕೆ ಇಳಿಯಿತು. ಆ ದಾವೆ ನಿಲ್ಲಲಿಲ್ಲ, ನಿಜ. ಆದರೆ ಪ್ರಜೆಗಳು ಪ್ರಶ್ನೆ ಕೇಳಿದ್ದರಿಂದಲೇ 2012ರ ಬಿಗಿ ಮಿತಿ ಬಂತೆಂಬುದನ್ನೂ ಮರೆಯಬಾರದು. ಕೇಳುವವರನ್ನು ಹಾಸ್ಯ ಮಾಡುವುದು ಸಲ್ಲದು. ಉತ್ತರ ಬಂದ ಮೇಲೆ ಕಿವಿಗೊಡದಿರುವುದೂ ಸಲ್ಲದು.

ಇನ್ನು ಮನೆಯಲ್ಲಿ ಪಾಲಿಸತಕ್ಕ ನಾಲ್ಕು ಮಾತು.

ಮೊದಲನೆಯದು: ದೂರವೇ ದೊಡ್ಡ ಔಷಧ. ಅರ್ಧ ಗಂಟೆಯ ಹರಟೆಯಿದ್ದರೆ ಸ್ಪೀಕರನ್ನೋ ಕಿವಿಯ ತಂತಿಯನ್ನೋ ಬಳಸಿರಿ. ಗೆರೆ ಒಂದೇ ಇರುವಾಗ ಕಿಟಕಿಯ ಬಳಿ ಹೋಗಿರಿ, ಇಲ್ಲವೆ ಆಮೇಲೆ ಮಾತಾಡಿರಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಫೋನನ್ನು ಅದರಿಂದ ಅರ್ಧ ಅಡಿ ದೂರವಿಡಬೇಕು, ಎಡಗಡೆಯ ಅಂಗಿಜೇಬಿನಲ್ಲಿ ಇಡಕೂಡದು.

ಎರಡನೆಯದು: ಮಕ್ಕಳ ವಿಚಾರ. ಅವರ ತಲೆಬುರುಡೆ ತೆಳು. ಮಿದುಳಿನ ಕೆಲವು ಭಾಗಗಳಿಗೆ ಅಲೆ ದೊಡ್ಡವರಿಗಿಂತ ಹೆಚ್ಚು ಇಳಿಯುತ್ತದೆ. ಅವರು ಫೋನು ಹಿಡಿಯುವ ವರ್ಷಗಳೂ ಹೆಚ್ಚು. ಕೇಡು ಸಿದ್ಧವಾಗಿಲ್ಲ, ಆದರೂ ಎಚ್ಚರ ತಪ್ಪಲ್ಲ. ಮಗು ಕಿವಿಗೆ ಒತ್ತಿಕೊಳ್ಳದೆ ಮುಂದಿಟ್ಟುಕೊಂಡು ನೋಡುವಾಗ ತಲೆಗೆ ಬೀಳುವ ಅಲೆ ಬಹಳ ಕಡಿಮೆ. ಅಲ್ಲಿ ಕೆಡುವುದು ನಿದ್ದೆ, ಆಟ, ಕಣ್ಣು ಮತ್ತು ಮಾತು. ಮನೆಯಲ್ಲಿ ಅಜ್ಜಿಯೊಡನೆ ಕನ್ನಡ ಆಡಬೇಕಾದ ಹೊತ್ತನ್ನು ಅದು ನುಂಗುತ್ತದೆ. ಪರಊರಿನ ಕನ್ನಡಿಗರಿಗೆ ಈ ನಷ್ಟ ಯಾವ ವ್ಯಾಟಿನ ಲೆಕ್ಕಕ್ಕೂ ಸಿಗದು.

ಮೂರನೆಯದು: ಅಂಟಿಸುವ ಚೀಟಿಗೆ ದುಡ್ಡು ಹಾಕಬೇಡಿ. ಇಂಥವನ್ನು ಮಾರುತ್ತಿದ್ದವರ ಮೇಲೆ ಅಮೆರಿಕದ ವ್ಯಾಪಾರ ಆಯೋಗ 2002ರಲ್ಲಿಯೇ ಮೊಕದ್ದಮೆ ಹೂಡಿತು. ಚೀಟಿ ನಿಜವಾಗಿಯೂ ಅಲೆಯನ್ನು ತಡೆದರೆ ಫೋನು ಟವರನ್ನು ಮುಟ್ಟಲು ಇನ್ನೂ ಜೋರಾಗಿ ಕೂಗುತ್ತದೆ. ತಡೆಯದಿದ್ದರೆ ದುಡ್ಡು ದಂಡ. ಎರಡು ಬಗೆಯಲ್ಲಿಯೂ ಲಾಭ ಮಾರುವವನಿಗೇ.

ನಾಲ್ಕನೆಯದು: ಕಾಣದ ಅಪಾಯಕ್ಕೆ ಹೆದರಿ ಕಾಣುವ ಅಪಾಯವನ್ನು ಮರೆಯಬೇಡಿ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಲೋಕಲ್ ಗಾಡಿಯ ಹಳಿ ದಾಟುವವನಿಗೆ, ಒಂದು ಕೈಯಲ್ಲಿ ಫೋನು ಹಿಡಿದು ಗಾಡಿ ಓಡಿಸುವವನಿಗೆ ಹೀರಿಕೆಯ ದರದ ಚಿಂತೆ ವ್ಯರ್ಥ. ದಿಂಬಿನಡಿಯಲ್ಲಿ ಫೋನಿಟ್ಟು ರಾತ್ರಿಯೆಲ್ಲ ಚಾರ್ಜು ಮಾಡಿದರೆ ಭಯಪಡಬೇಕಾದುದು ಅಲೆಗಲ್ಲ, ಬ್ಯಾಟರಿಯ ಬೆಂಕಿಗೆ.

ಬಂಧುಗಳೇ, ಇದೇ ಫೋರ್ಟಿನ ರಾತ್ರಿ ಶಾಲೆಗಳಲ್ಲಿ, ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಕಣ್ಣೆಳೆಯುತ್ತಿದ್ದರೂ ಕುಳಿತು ಓದಿದ ಹುಡುಗರು ನಮ್ಮ ಹಿರಿಯರು. ತಿಳಿವಳಿಕೆ ಕೈಗೆ ಬಂದರೆ ಯಾರೂ ಮೋಸ ಮಾಡಲಾರರು ಎಂದು ಅವರು ನಂಬಿದ್ದರು. ಈ ಅಲೆಗಳ ವಿಷಯದಲ್ಲಿಯೂ ಅದೇ ಮಾತು. ಅಂಕಿಯನ್ನು ಕೇಳಿರಿ, ಅಳತೆಯನ್ನು ಮಾಡಿಸಿರಿ, ದೂರವನ್ನು ಕಾಯಿರಿ. ಅಷ್ಟು ಮಾಡಿದವರು ನೆಮ್ಮದಿಯಾಗಿ ಊರಿಗೆ ಫೋನು ಹಚ್ಚಬಹುದು.